ಒಂದು ಕಪ್ ಅಂದರೆ ಎಷ್ಟು? ಪಾತ್ರೆಯ ಹೆಸರಿನ ಇಂಗ್ಲಿಷ್ ಅಳತೆಗಳು

ಕಳೆದ ಡಿಸೆಂಬರಿನಲ್ಲಿ ನಮ್ಮ ಅತ್ತಿಗೆಯ ಕೇಕು ನಡುವಿನಲ್ಲಿ ಕುಸಿದು ಕೂತಿತು. ಅತ್ತಿಗೆ ಮಡಿಕೇರಿ ಹತ್ತಿರ ಸಣ್ಣದೊಂದು ಹೋಂಸ್ಟೇ ನಡೆಸುತ್ತಾರೆ. ಪಾಪುಟ್ಟು, ಕಡಂಬುಟ್ಟು, ಪಂದಿ ಕರಿ ಎಲ್ಲಕ್ಕೂ ಅವರದು ಕೈ ಅಳತೆ, ಕಣ್ಣಳತೆ. ಒಂದು ದಿನವೂ ತಪ್ಪಿದ್ದಿಲ್ಲ. ಹೊಸ ಓವನ್ ಬಂತು, ಮೊಬೈಲಿನಲ್ಲಿ ಅಮೆರಿಕದ ಒಂದು ರೆಸಿಪಿ ಸಿಕ್ಕಿತು. ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಮೂರು ಮೊಟ್ಟೆ, ಒಂದು ‘ಸ್ಟಿಕ್’ ಬೆಣ್ಣೆ. ಅಳೆದು ಹಾಕಿದರು, ಬೇಯಿಸಿದರು. ಕೇಕು ಮೊದಲು ಉಬ್ಬಿತು, ಆಮೇಲೆ ಗುಂಡಿ ಬಿದ್ದ ಘಾಟಿ ರಸ್ತೆಯಂತಾಯಿತು.

ತಪ್ಪು ಓವನ್‌ದಲ್ಲ. ಅತ್ತಿಗೆ ಬಳಸಿದ್ದು ರೈಸ್ ಕುಕ್ಕರಿನ ಜೊತೆ ಬಂದ ಪ್ಲಾಸ್ಟಿಕ್ ಕಪ್ಪು. ಅದರ ಮೇಲೆ 180 ಮಿಲಿ ಎಂದು ಸಣ್ಣಗೆ ಬರೆದಿತ್ತು. ರೆಸಿಪಿ ಬರೆದವರ ಕಪ್ಪು ಸುಮಾರು 237 ಮಿಲಿಯದು. ಅಂದರೆ ಮೈದಾ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಕಮ್ಮಿ ಬಿತ್ತು. ಆದರೆ ಮೊಟ್ಟೆ ಮೂರಕ್ಕೆ ಮೂರೂ ಬಿತ್ತು, ಬೆಣ್ಣೆಯೂ ಪೂರ್ತಿ ಬಿತ್ತು. ಹಿಟ್ಟು ನೀರಾಯಿತು, ಕೇಕು ಕುಸಿಯಿತು.

ಯೂಟ್ಯೂಬ್ ನೋಡಿ ಅಡುಗೆ ಮಾಡುವವರು, ಅತಿಥಿಗೆ ಇಂಗ್ಲಿಷಿನಲ್ಲಿ ರೆಸಿಪಿ ಬರೆದುಕೊಡುವವರು, ಮಗುವಿಗೆ ಸಿರಪ್ ಕುಡಿಸುವವರು, ಕಾಫಿ ಬೆಲೆಯ ಸುದ್ದಿ ಓದುವವರು, ಎಲ್ಲರಿಗೂ ಈ ಗೊಂದಲ ಒಂದಲ್ಲ ಒಂದು ದಿನ ಎದುರಾಗುತ್ತದೆ. ಕಪ್, ಟೀ ಸ್ಪೂನ್, ಪೈಂಟ್, ಗ್ಯಾಲನ್, ಬ್ಯಾರಲ್, ಬ್ಯಾಗ್. ಇವೆಲ್ಲ ಅಳತೆಗಳಾ, ಪಾತ್ರೆಗಳಾ?

ಪಾತ್ರೆ ಮೊದಲು, ಅಳತೆ ಆಮೇಲೆ

ಲೀಟರ್ ಎಂಬ ವಸ್ತು ಯಾರ ಮನೆಯ ಕಪಾಟಿನಲ್ಲೂ ಇಲ್ಲ. ಅದು ಬರೀ ಅಳತೆ. ಕಪ್ ಹಾಗಲ್ಲ. ಅದು ಮೊದಲು ಒಂದು ವಸ್ತು. ಅದರಲ್ಲಿ ಕಾಫಿ ಕುಡಿಯುತ್ತೇವೆ, ತೊಳೆದು ಇಡುತ್ತೇವೆ, ಒಡೆದರೆ ಎಸೆಯುತ್ತೇವೆ. ದಿನಾ ಕೈಗೆ ಸಿಗುವ ಪಾತ್ರೆ ಎಂಬ ಒಂದೇ ಕಾರಣಕ್ಕೆ ಅದರಲ್ಲೇ ಅಕ್ಕಿ ಅಳೆದರು, ಸಕ್ಕರೆ ಅಳೆದರು. ನೋಡನೋಡುತ್ತಾ ಪಾತ್ರೆಯ ಹೆಸರೇ ಅಳತೆಯ ಹೆಸರೂ ಆಯಿತು.

ಕನ್ನಡದಲ್ಲೂ ಇದೇ ದಾರಿ. ಪಾತ್ರೆ ಇಲ್ಲದಿದ್ದರೆ ಕೈಯೇ ಪಾತ್ರೆ: ಚಿಟಿಕೆ ಉಪ್ಪು, ಹಿಡಿ ಅಕ್ಕಿ, ಬೊಗಸೆ ನೀರು. ಬಾಯಿಯೂ ಪಾತ್ರೆ: ತುತ್ತು, ಗುಟುಕು. ಮಡಿಲು ತುಂಬಾ ಹೂವು, ಕೊಡ ನೀರು, ಬುಟ್ಟಿ ಮೀನು. ಇಂಗ್ಲಿಷಿನವರ ಪಿಂಚ್, ಹ್ಯಾಂಡ್‌ಫುಲ್, ಮೌತ್‌ಫುಲ್ ಇವಕ್ಕೆ ಅಣ್ಣತಮ್ಮಂದಿರು.

ಆದರೆ ವ್ಯಾಪಾರ ಬಂದಾಗ ಜಗಳವೂ ಬರುತ್ತದೆ. ನಿನ್ನ ಬುಟ್ಟಿ ದೊಡ್ಡದು, ನನ್ನದು ಚಿಕ್ಕದು. ಆಗ ಊರಿನವರೋ ಅರಸರೋ ಸರ್ಕಾರವೋ ಕೂತು ‘ಇಷ್ಟು ಹಿಡಿಸುವುದೇ ಒಂದು ಸೇರು’ ಎಂದು ಗಟ್ಟಿ ಮಾಡುತ್ತಾರೆ. ಪಾತ್ರೆ ಅಳತೆಯಾಗುವುದು ಆ ಗಳಿಗೆಯಲ್ಲಿ. ತೊಡಕು ಇಷ್ಟೇ: ಒಂದು ಊರು ಗಟ್ಟಿ ಮಾಡಿದ ಸೇರು ಇನ್ನೊಂದು ಊರಿನದಲ್ಲ.

ನಮ್ಮ ಸೇರನ್ನೇ ನೋಡಿ. ಕಾಳು ಅಳೆಯುವ ಸೇರು ಒಂದು ಪಾತ್ರೆ, ಅದರ ಕಾಲು ಭಾಗ ಪಾವು. ತಕ್ಕಡಿಯಲ್ಲಿ ತೂಗುವ ಸರ್ಕಾರಿ ಸೇರು ಬೇರೆಯೇ: 80 ತೊಲ, ಅಂದರೆ ಸುಮಾರು 933 ಗ್ರಾಂ. ಹೆಸರು ಒಂದು, ಅರ್ಥ ಎರಡು. ಕೊಡಗಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಭಟ್ಟಿ ಎನ್ನುವುದು ಭತ್ತದ ಅಳತೆ, ಗದ್ದೆಯ ಅಳತೆಯೂ ಅದೇ. ಹಳೆಯ ಕಂದಾಯ ಲೆಕ್ಕದಲ್ಲಿ ನೂರು ಭಟ್ಟಿ ಗದ್ದೆ ಎಂದರೆ ಸುಮಾರು 3 ಎಕರೆ. ಧಾನ್ಯದ ಅಳತೆ ನೆಲಕ್ಕೂ ಹೆಸರು ಕೊಟ್ಟಿತು. ಪೇಟೆಯವರಿಗೆ ಹೇಳಿದರೆ ನಂಬುವುದಿಲ್ಲ.

1956ರ ಕಾನೂನಿನಿಂದ ದೇಶಕ್ಕೆಲ್ಲ ಕಿಲೋ, ಲೀಟರ್ ಬಂದವು. ಅಂಗಡಿಯಲ್ಲಿ ಸೇರು ಹೋಯಿತು. ಅಡುಗೆಮನೆಯ ಒಳಗೆ ಯಾವ ಕಾನೂನೂ ಕಾಲಿಡಲಿಲ್ಲ.

ಬಾಲದಲ್ಲಿರುವ ‘ಫುಲ್’

ಸಿನಿಮಾ ಟಾಕೀಸಿನ ಮುಂದೆ ನೇತು ಹಾಕುವ ‘ಹೌಸ್ ಫುಲ್’ ಬೋರ್ಡು ಎಲ್ಲರಿಗೂ ಗೊತ್ತು. ಎರಡು ಪದ ಬಿಡಿಬಿಡಿಯಾಗಿದ್ದರೆ ‘ಮನೆ ತುಂಬಿದೆ’ ಎಂದರ್ಥ. ಇದನ್ನೇ ಒಂದು ಪದ ಮಾಡಿ, ಕೊನೆಯಲ್ಲಿರುವ ಎರಡು ‘ಎಲ್’ ಅಕ್ಷರಗಳಲ್ಲಿ ಒಂದನ್ನು ಕಿತ್ತು ಹಾಕಿದರೆ ‘ಮನೆ ತುಂಬುವಷ್ಟು’ ಎಂದಾಗುತ್ತದೆ. ಒಂದು ಅಕ್ಷರ ಹೋಗಿ ಅಳತೆ ಬಂತು ನೋಡಿ.

ಇಂಗ್ಲಿಷಿನಲ್ಲಿ ಯಾವ ಪಾತ್ರೆಗೆ ಬೇಕಾದರೂ ಈ ಬಾಲ ಅಂಟಿಸಬಹುದು. ಕಪ್‌ಫುಲ್, ಸ್ಪೂನ್‌ಫುಲ್, ಬಕೆಟ್‌ಫುಲ್, ಪಾಕೆಟ್‌ಫುಲ್. ಬೆರಳಿಗೆ ಹಾಕಿಕೊಳ್ಳುವ ಹೊಲಿಗೆ ಟೋಪಿಗೂ ಅಂಟಿಸಿ ‘ಥಿಂಬಲ್‌ಫುಲ್’ ಎನ್ನುತ್ತಾರೆ. ಗುಟುಕಿಗಿಂತ ಕಮ್ಮಿ ಎಂದರ್ಥ. ಕನ್ನಡದಲ್ಲಿ ಈ ಕೆಲಸ ಮಾಡುವುದು ‘ತುಂಬಾ’ ಮತ್ತು ‘ಅಷ್ಟು’.

ಮಕ್ಕಳು ಶಾಲೆಯಿಂದ ಬಂದು ಕೇಳುವ ಪ್ರಶ್ನೆ ಇನ್ನೊಂದಿದೆ. ಎರಡು ಬಕೆಟ್ ಎಂದಾಗ ಬಹುವಚನದ ‘ಸ್’ ಎಲ್ಲಿ ಬರಬೇಕು? ‘ಟೂ ಬಕೆಟ್‌ಫುಲ್ಸ್’ ಎಂದರೆ ಅಷ್ಟು ನೀರು. ಒಂದೇ ಬಕೆಟ್ಟನ್ನು ಎರಡು ಸಲ ತುಂಬಿಸಿದರೂ ಸರಿ. ‘ಟೂ ಬಕೆಟ್ಸ್ ಫುಲ್’ ಎಂದರೆ ಎದುರಿಗೆ ಎರಡು ಬಕೆಟ್ ಇವೆ, ಎರಡೂ ತುಂಬಿವೆ. ಒಂದರಲ್ಲಿ ಎಣಿಸಿದ್ದು ನೀರನ್ನು, ಇನ್ನೊಂದರಲ್ಲಿ ಬಕೆಟ್ಟನ್ನು. ‘ಸ್ಪೂನ್ಸ್‌ಫುಲ್’ ಎಂಬ ಹಳೆಯ ರೂಪವೂ ನಿಘಂಟುಗಳಲ್ಲಿದೆ, ಈಗ ಜಾಸ್ತಿ ಬಳಕೆಯಲ್ಲಿರುವುದು ‘ಸ್ಪೂನ್‌ಫುಲ್ಸ್’.

ಕಪ್ಪು ಯಾರದು?

ಈಗ ಅತ್ತಿಗೆಯ ಕೇಕಿಗೆ ಬರೋಣ. ಅಮೆರಿಕದ ಕಪ್ಪು 8 ಫ್ಲೂಯಿಡ್ ಔನ್ಸ್, ಅಂದರೆ 236.6 ಮಿಲಿ. ಅಲ್ಲಿನ ಆಹಾರದ ಪೊಟ್ಟಣಗಳ ಮೇಲಿನ ಲೆಕ್ಕಕ್ಕೆ 240 ಮಿಲಿ ಎಂದು ಹಿಡಿಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಕಪ್ಪು 250 ಮಿಲಿ. ಜಪಾನಿನ ಅಡುಗೆ ಕಪ್ಪು 200 ಮಿಲಿ, ಆದರೆ ಅಕ್ಕಿ ಅಳೆಯುವ ಕಪ್ಪು 180 ಮಿಲಿ. ಅದು ಅವರ ‘ಗೋ’ ಎಂಬ ಹಳೆಯ ಅಳತೆ, ನಮ್ಮ ಪಾವು ಇದ್ದ ಹಾಗೆ. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜಪಾನಿನಿಂದ ಲೋಕಕ್ಕೆ ಹರಡಿತು, ಜೊತೆಗೆ ಅದರ ಪುಟ್ಟ ಕಪ್ಪೂ ಹೋಯಿತು. ಹಾಗೆ ಜಪಾನಿನ ಪಾವು ಮಡಿಕೇರಿಯ ಅಡುಗೆಮನೆಗೆ ಬಂದು, ಅಮೆರಿಕದ ಕೇಕನ್ನು ಕೆಡಿಸಿತು.

ಹಳೆಯ ಇಂಗ್ಲೆಂಡಿನ ಅಡುಗೆಯವರು ಟೀ ಕಪ್ ಬೇರೆ, ಬ್ರೇಕ್‌ಫಾಸ್ಟ್ ಕಪ್ ಬೇರೆ ಎನ್ನುತ್ತಿದ್ದರು. ಬೆಳಗಿನ ತಿಂಡಿಯ ಕಪ್ಪು ಅರ್ಧ ಪೈಂಟ್, ಅಂದರೆ 284 ಮಿಲಿ. ಈಗಿನ ಬ್ರಿಟಿಷ್ ರೆಸಿಪಿಗಳಲ್ಲಿ ಕಪ್ಪಿಗಿಂತ ಗ್ರಾಂ ಜಾಸ್ತಿ.

ಕಾಫಿ ನಾಡಿನವರಿಗೆ ತಮಾಷೆ ಎನಿಸುವ ಒಂದು ಸಂಗತಿ. ವಿದೇಶಿ ಕಾಫಿ ಯಂತ್ರದ ಮೇಲೆ ‘12 ಕಪ್’ ಎಂದಿದ್ದರೆ ಅದು ರೆಸಿಪಿಯ ಕಪ್ಪಲ್ಲ. ಅಲ್ಲಿ ಒಂದು ಕಪ್ ಎಂದರೆ ಸಾಮಾನ್ಯವಾಗಿ 5 ಔನ್ಸ್, ಸುಮಾರು 150 ಮಿಲಿ. ನಾವು ಬೆಳಿಗ್ಗೆ ಬೆಲ್ಲದ ಕಾಫಿ ಕುಡಿಯುವ ಲೋಟಕ್ಕೆ ಸುರಿದರೆ ಹನ್ನೆರಡು ಜನರಿಗೆ ಸಾಲುವುದಿಲ್ಲ. ನಮ್ಮ ಹೋಟೆಲಿನ ಬೈಟು ಕಾಫಿಯೇ ಎಷ್ಟೋ ಪ್ರಾಮಾಣಿಕ. ಒಂದು ಲೋಟ, ಇಬ್ಬರಿಗೆ. ಮುಗಿಯಿತು.

ಹಾಗಾದರೆ ಇಷ್ಟು ವರ್ಷ ಅತ್ತಿಗೆಯ ಪಾಪುಟ್ಟು ಯಾಕೆ ಕೆಡಲಿಲ್ಲ? ಯಾಕೆಂದರೆ ಅಲ್ಲಿ ಎಲ್ಲವೂ ಒಂದೇ ಲೋಟದಲ್ಲಿ ಅಳೆದದ್ದು. ಒಂದು ಲೋಟ ಅಕ್ಕಿ ತರಿ, ಒಂದು ಲೋಟ ತೆಂಗಿನ ತುರಿ, ಒಂದು ಲೋಟ ಹಾಲು, ಅದಕ್ಕೆ ತಕ್ಕ ನೀರು. ಲೋಟ ದೊಡ್ಡದಾದರೆ ಎಲ್ಲವೂ ದೊಡ್ಡದಾಗುತ್ತದೆ. ಪಾಪುಟ್ಟು ನಾಲ್ಕು ಜನರ ಬದಲು ಆರು ಜನರಿಗೆ ಆಗುತ್ತದೆ, ಅಷ್ಟೇ. ಕಡಂಬುಟ್ಟಿಗೆ ಒಂದಕ್ಕೆ ಎರಡು ನೀರು ಎನ್ನುವುದೂ ಇದೇ ಲೆಕ್ಕ. ಇಲ್ಲಿ ಮುಖ್ಯ ಪಾಲು, ಪಾತ್ರೆಯಲ್ಲ.

ಕೇಕಿನ ರೆಸಿಪಿ ಹಾಗಲ್ಲ. ಅರ್ಧ ಸಾಮಾನು ಕಪ್ಪಿನ ಲೆಕ್ಕದಲ್ಲಿ, ಇನ್ನರ್ಧ ಬೇರೆ ಲೆಕ್ಕದಲ್ಲಿ. ಮೊಟ್ಟೆ ಎಣಿಕೆಯಲ್ಲಿ, ಬೆಣ್ಣೆ ಪೊಟ್ಟಣದಲ್ಲಿ. ಅಮೆರಿಕದ ‘ಸ್ಟಿಕ್’ ಬೆಣ್ಣೆ ಎಂದರೆ ಅಲ್ಲಿ ಉದ್ದ ಕಡ್ಡಿಯಂತೆ ಕಾಗದ ಸುತ್ತಿ ಮಾರುವ ತುಂಡು, 113 ಗ್ರಾಂ, ಅವರ ಅರ್ಧ ಕಪ್ಪು. ಪಾತ್ರೆ ಬದಲಾದರೂ ಮೊಟ್ಟೆ ಚಿಕ್ಕದಾಗುವುದಿಲ್ಲ. ರೆಸಿಪಿಯಲ್ಲಿ ಎಲ್ಲವೂ ಕಪ್ಪಿನಲ್ಲೇ ಇದ್ದರೆ ಯಾವ ಲೋಟವಾದರೂ ನಡೆಯುತ್ತದೆ. ಕಪ್ಪಿನ ಜೊತೆ ಎಣಿಕೆ, ಗ್ರಾಂ, ಪೊಟ್ಟಣ ಬೆರೆತಿದ್ದರೆ ಕಪ್ಪು ಯಾವ ದೇಶದ್ದು ಎಂದು ಕೇಳಲೇಬೇಕು.

ಚಮಚಗಳ ಜಾತಕ

ಟೀ ಸ್ಪೂನ್ 5 ಮಿಲಿ, ಟೇಬಲ್ ಸ್ಪೂನ್ 15 ಮಿಲಿ. ಮೂರು ಟೀ ಸ್ಪೂನಿಗೆ ಒಂದು ಟೇಬಲ್ ಸ್ಪೂನ್. ಇವೆರಡರ ನಡುವೆ 10 ಮಿಲಿಯ ಡೆಸರ್ಟ್ ಸ್ಪೂನ್. ಆಸ್ಟ್ರೇಲಿಯಾದಲ್ಲಿ ಮಾತ್ರ ಟೇಬಲ್ ಸ್ಪೂನ್ 20 ಮಿಲಿ, ಅಂದರೆ ನಾಲ್ಕು ಟೀ ಸ್ಪೂನ್.

ಟೀ ಸ್ಪೂನ್ ಹುಟ್ಟಿದಾಗ ಇಷ್ಟು ದೊಡ್ಡದಿರಲಿಲ್ಲ. ಇಂಗ್ಲೆಂಡಿಗೆ ಚಹಾ ಹೊಸದಾಗಿ ಬಂದಾಗ ಅದು ಬಲು ದುಬಾರಿ. ಕಪ್ಪೂ ಪುಟ್ಟದು, ಚಮಚವೂ ಪುಟ್ಟದು. ಚಹಾ ಅಗ್ಗವಾದ ಹಾಗೆ ಕಪ್ಪು ಬೆಳೆಯಿತು, ಅದರ ಜೊತೆ ಚಮಚವೂ ಬೆಳೆಯಿತು. ಪೇಟೆಯ ಬೆಲೆ ಇಳಿದು ಅಡುಗೆಯ ಅಳತೆ ಏರಿತು.

ಇಂಗ್ಲಿಷ್ ರೆಸಿಪಿಗಳಲ್ಲಿ ಟೀ ಸ್ಪೂನಿಗೆ ‘ಟಿಎಸ್‌ಪಿ’, ಟೇಬಲ್ ಸ್ಪೂನಿಗೆ ‘ಟಿಬಿಎಸ್‌ಪಿ’ ಎಂದು ಮೊಟಕಾಗಿ ಬರೆಯುತ್ತಾರೆ. ಕೆಲವರು ಇನ್ನೂ ಮೊಟಕು ಮಾಡಿ, ಸಣ್ಣ ‘ಟಿ’ ಅಕ್ಷರವಾದರೆ ಟೀ ಸ್ಪೂನ್, ದೊಡ್ಡ ‘ಟಿ’ ಆದರೆ ಟೇಬಲ್ ಸ್ಪೂನ್ ಎನ್ನುತ್ತಾರೆ. ಪಂದಿ ಕರಿಯ ರೆಸಿಪಿಯಲ್ಲಿ ಕಾಚಂಪುಳಿ ಎಂಬ ಕೊಡಗಿನ ಹುಳಿ ರಸಕ್ಕೆ ಈ ಅಕ್ಷರ ತಪ್ಪಿದರೆ ಹುಳಿ ಮೂರು ಪಟ್ಟು. ಹೊರ ಊರಿನ ಅತಿಥಿಗೆ ರೆಸಿಪಿ ಬರೆದುಕೊಡುವವರು ‘ಮಿಲಿ’ ಎಂದೇ ಬರೆದುಬಿಡಿ, ಅವರ ಹಂದಿ ಮಾಂಸ ಉಳಿಯುತ್ತದೆ.

ಪಿಂಚ್, ಡ್ಯಾಶ್, ಸ್ಮಿಡ್ಜೆನ್ ಎಂಬ ಮೂರು ಪದಗಳಿಗೂ ಈಗ ಪುಟ್ಟ ಪುಟ್ಟ ಚಮಚ ಮಾಡಿ ಮಾರುತ್ತಾರೆ. ಸಾಮಾನ್ಯವಾಗಿ ಡ್ಯಾಶ್ ಎಂದರೆ ಟೀ ಸ್ಪೂನಿನ ಎಂಟನೇ ಒಂದು ಪಾಲು, ಪಿಂಚ್ ಅದರ ಅರ್ಧ, ಸ್ಮಿಡ್ಜೆನ್ ಅದರ ಅರ್ಧ. ಚಿಟಿಕೆಗೂ ಚಮಚ ಬೇಕಾ ಎಂದು ಅತ್ತಿಗೆ ನಕ್ಕರು. ನನಗೂ ಬೇಕೆನಿಸಲಿಲ್ಲ.

ನಗಬಾರದ ಜಾಗ ಒಂದೇ, ಔಷಧಿ. ಡಾಕ್ಟರು ‘ಒಂದು ಸ್ಪೂನ್’ ಎಂದರೆ 5 ಮಿಲಿ. ಮನೆಯ ಡಬ್ಬದಲ್ಲಿರುವ ಚಮಚಗಳು ಒಂದರ ಹಾಗೆ ಒಂದಿಲ್ಲ. ಸಕ್ಕರೆ ಡಬ್ಬದ ಚಮಚ ಬೇರೆ, ಊಟದ ಚಮಚ ಬೇರೆ. ಟೀ ಸ್ಪೂನ್ ಹೇಳಿದ ಕಡೆ ಟೇಬಲ್ ಸ್ಪೂನ್ ಬಳಸಿದರೆ ಮಗುವಿಗೆ ಮೂರು ಪಟ್ಟು ಔಷಧಿ ಹೋಗುತ್ತದೆ. ಸಿರಪ್ ಬಾಟಲಿಯ ಮೇಲೆ ಗೆರೆ ಇರುವ ಮುಚ್ಚಳ ಕೊಡುವುದು ಸುಮ್ನೆ ಅಲ್ಲ. ಅದು ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಸೂಜಿ ಇಲ್ಲದ ಸಿರಿಂಜು ಸಿಗುತ್ತದೆ.

ಗೋಪುರವೋ, ಬಾಯಿ ಮಟ್ಟವೋ

ಕಪ್ಪು ಸರಿ ಇದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಹಿಟ್ಟನ್ನು ಗೋಪುರದ ಹಾಗೆ ತುಂಬಬೇಕಾ, ಬಾಯಿ ಮಟ್ಟಕ್ಕೆ ಸವರಬೇಕಾ? ಇಂಗ್ಲಿಷಿನಲ್ಲಿ ಗೋಪುರಕ್ಕೆ ‘ಹೀಪ್ಡ್’, ಸವರಿದ್ದಕ್ಕೆ ‘ಲೆವೆಲ್’, ಒತ್ತಿ ತುಂಬಿದ್ದಕ್ಕೆ ‘ಪ್ಯಾಕ್ಡ್’ ಎನ್ನುತ್ತಾರೆ. ಏನೂ ಹೇಳದಿದ್ದರೆ ಲೆವೆಲ್ ಎಂದೇ ತಿಳಿಯಬೇಕು. ಈ ರೂಢಿ ಗಟ್ಟಿಯಾಗುವುದರಲ್ಲಿ ಬೋಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ಎಂಬ ಹೆಂಗಸಿನ ಪಾಲು ದೊಡ್ಡದು. 1896ರಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲಿ ಆಕೆ, ಕಪ್ಪನ್ನೂ ಚಮಚವನ್ನೂ ಚಾಕುವಿನಿಂದ ಸವರಿ ಅಳೆಯಬೇಕೆಂದು ಪಟ್ಟು ಹಿಡಿದರು.

ನಮ್ಮ ಕಡೆ ಭತ್ತ ಅಳೆಯುವಾಗ ಗೋಪುರಕ್ಕೇ ಮರ್ಯಾದೆ. ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ಹಿರಿಯರು ಇನ್ನೂ ಇದ್ದಾರೆ. ಅಳೆದ ಮೇಲೆ ಕೈಯಲ್ಲಿ ಒಂದಿಷ್ಟು ಮೇಲೆ ಹಾಕಿದರೆ ಅದು ಕೊಸರು. ಈ ಕೊಸರು ಎಂಬ ಪದ ನೆನಪಿರಲಿ, ಅಮೆರಿಕದ ಎಣ್ಣೆ ಬಾವಿಯ ಹತ್ತಿರ ಮತ್ತೆ ಬರುತ್ತದೆ.

ಕಪ್ಪು ಒಂದು, ತೂಕ ಹಲವು

ಪಾತ್ರೆ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಅದೇ ಅಮೆರಿಕದ ಕಪ್ಪಿನಲ್ಲಿ ಮೈದಾ ತುಂಬಿದರೆ 120ರಿಂದ 125 ಗ್ರಾಂ, ಸಕ್ಕರೆ 200 ಗ್ರಾಂ, ಬೆಣ್ಣೆ 227 ಗ್ರಾಂ, ಜೇನು 340 ಗ್ರಾಂ. ಮೈದಾವನ್ನು ಒತ್ತಿ ತುಂಬಿದರೆ 150 ಗ್ರಾಂ ಕೂಡ ಹಿಡಿಸುತ್ತದೆ. ‘ಒಂದು ಕಪ್ ಎಂದರೆ 250 ಗ್ರಾಂ’ ಎಂದು ಯಾರಾದರೂ ಹೇಳಿದರೆ, ಯಾವುದರ ಕಪ್ಪು ಎಂದು ಕೇಳಿ.

ಜೇನಿನ ಲೆಕ್ಕ ಕೊಡಗಿನವರಿಗೆ ಉಪಯೋಗಕ್ಕೆ ಬರುವಂಥದು. ಇಲ್ಲಿ ಜೇನನ್ನು ಈಗಲೂ ಬಾಟಲಿ ಲೆಕ್ಕದಲ್ಲಿ ಮಾರುವವರಿದ್ದಾರೆ. ಬಾಟಲಿ ಯಾವುದೆಂದು ಕೇಳಬೇಡಿ, ಅದು ಹಿಂದೆ ಏನು ಹಿಡಿಸಿತ್ತೋ. ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರ. ಹಾಗಾಗಿ 750 ಮಿಲಿಯ ಬಾಟಲಿ ತುಂಬಾ ಜೇನು ಎಂದರೆ ಒಂದು ಕಿಲೋಗಿಂತ ತುಸು ಜಾಸ್ತಿ. ‘ಮುಕ್ಕಾಲು ಲೀಟರಿಗೆ ಒಂದು ಕಿಲೋ ದುಡ್ಡು ತಗೊಂಡರು’ ಎಂದು ಪ್ರವಾಸಿಗರು ದೂರುವುದನ್ನು ಕೇಳಿದ್ದೇನೆ. ಮಾರಿದವರದು ತಪ್ಪಿಲ್ಲ, ಜೇನೇ ಭಾರ.

ಔನ್ಸ್ ಎಂಬ ಪದದಲ್ಲೂ ಇದೇ ಬಲೆ. ತೂಕದ ಔನ್ಸ್ 28.35 ಗ್ರಾಂ. ದ್ರವದ ಔನ್ಸ್ ಅಮೆರಿಕದಲ್ಲಿ 29.57 ಮಿಲಿ. ಮೊದಲನೆಯದು ತಕ್ಕಡಿಗೆ, ಎರಡನೆಯದು ಲೋಟಕ್ಕೆ.

ಪೈಂಟ್, ಗ್ಯಾಲನ್, ಕ್ವಾರ್ಟರ್

ಬ್ರಿಟನ್ನಿನ ಪೈಂಟ್ 568 ಮಿಲಿ, ಅಮೆರಿಕದ್ದು 473 ಮಿಲಿ. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ಯಾಕೆ ಹೀಗೆ? ಹಿಂದೆ ಇಂಗ್ಲೆಂಡಿನಲ್ಲೇ ವೈನಿಗೆ ಒಂದು ಗ್ಯಾಲನ್, ಬಿಯರಿಗೆ ಇನ್ನೊಂದು, ಧಾನ್ಯಕ್ಕೆ ಮತ್ತೊಂದು ಇತ್ತು. ಅಮೆರಿಕದವರು ಬಿಟ್ಟುಹೋಗುವಾಗ ವೈನ್ ಗ್ಯಾಲನ್ನನ್ನು ಉಳಿಸಿಕೊಂಡರು. ಬ್ರಿಟನ್ 1824ರಲ್ಲಿ ಎಲ್ಲವನ್ನೂ ಬದಿಗಿಟ್ಟು, 10 ಪೌಂಡ್ ನೀರು ಹಿಡಿಸುವ ಹೊಸ ಗ್ಯಾಲನ್ ಮಾಡಿತು. ಅಣ್ಣತಮ್ಮ ಮನೆ ಪಾಲು ಮಾಡಿಕೊಂಡ ಮೇಲೆ ಒಬ್ಬ ಹಳೆಯ ಪಾತ್ರೆ ಇಟ್ಟುಕೊಂಡ, ಇನ್ನೊಬ್ಬ ಹೊಸದು ಕೊಂಡ ಎನ್ನಿ.

ಮನೆಯಲ್ಲಿ ಭರಣಿಯಲ್ಲಿ ವೈನ್ ಹಾಕುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಇಂಗ್ಲಿಷ್ ರೆಸಿಪಿಯಲ್ಲಿ ‘ಒಂದು ಗ್ಯಾಲನ್ ನೀರು’ ಎಂದಿದ್ದರೆ ಎರಡು ಗ್ಯಾಲನ್‌ಗಳ ನಡುವಿನ ಅಂತರವೇ ಮುಕ್ಕಾಲು ಲೀಟರ್, ಒಂದು ಬಾಟಲಿ!

ಕ್ವಾರ್ಟ್ ಎಂದರೆ ಗ್ಯಾಲನ್ನಿನ ಕಾಲು ಭಾಗ, ಅಮೆರಿಕದ ಲೆಕ್ಕದಲ್ಲಿ 946 ಮಿಲಿ. ನಮ್ಮ ವೈನ್ ಶಾಪಿನ ‘ಕ್ವಾರ್ಟರ್’ ಅದಲ್ಲ. ಅದು ಬಾಟಲಿಯ ಕಾಲು ಭಾಗ, 180 ಮಿಲಿ. ಲೆಕ್ಕ ಹಾಕಿದರೆ 750ರ ಕಾಲು 187.5 ಆಗಬೇಕು. ಏಳೂವರೆ ಮಿಲಿ ಎಲ್ಲಿ ಹೋಯಿತು ಎಂದು ಕುಡಿಯುವವರು ಯಾರೂ ಕೇಳಿದ್ದನ್ನು ನಾನು ಕಾಣೆ. 180 ಆದರೆ 30 ಮಿಲಿಯ ಸಣ್ಣ ಪೆಗ್ಗು ಸರಿಯಾಗಿ ಆರು, 60 ಮಿಲಿಯ ದೊಡ್ಡದು ಮೂರು. ಸುರಿಯುವವರಿಗೆ ಸುಲಭ.

ಬ್ಯಾರಲ್, ಟನ್, ಮೂಟೆ

ಮನೆಯ ಪಾತ್ರೆಗಳು ಅಂಗಳ ದಾಟಿ ತೋಟಕ್ಕೂ ಪೇಟೆಗೂ ಹೋದಾಗ ಕಥೆ ಇನ್ನೂ ಚೆನ್ನಾಗಿದೆ.

ಕೊಡಗಿನ ತೋಟದಲ್ಲಿ ಬ್ಯಾರಲ್ ಎಂದರೆ 200 ಲೀಟರ್. ಮಳೆಗಾಲಕ್ಕೆ ಮುಂಚೆ ಕಾಫಿಗೂ ಕರಿಮೆಣಸಿಗೂ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವಾಗ ‘ಬ್ಯಾರಲ್‌ಗೆ ಎಷ್ಟು’ ಎಂದೇ ಮಾತು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹಾಗಾಗಿ ಬ್ಯಾರಲ್‌ಗೆ ಎರಡೆರಡು ಕಿಲೋ.

ಟಿವಿಯಲ್ಲಿ ‘ಕಚ್ಚಾ ತೈಲ ಬ್ಯಾರಲ್‌ಗೆ ಇಷ್ಟು ಡಾಲರ್’ ಎಂದು ಹೇಳುವ ಬ್ಯಾರಲ್ ಇದಲ್ಲ. ಅದು 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆ ಬಾವಿ ಕೊರೆದಾಗ ತುಂಬಲು ಸರಿಯಾದ ಪಾತ್ರೆ ಇರಲಿಲ್ಲ. ವಿಸ್ಕಿಯದೋ ಇನ್ನಾವುದರದೋ, ಸಿಕ್ಕಿದ ಮರದ ಪೀಪಾಯಿಗೆ ತುಂಬಿದರು. ಪೀಪಾಯಿ ಒಂದೊಂದೂ ಒಂದೊಂದು ಗಾತ್ರ, ದಿನಾ ಜಗಳ. 1866ರಲ್ಲಿ ಎಣ್ಣೆ ಉತ್ಪಾದಕರು ಕೂತು, 40 ಗ್ಯಾಲನ್ನಿಗೆ ದುಡ್ಡು, ಕೊಳ್ಳುವವರಿಗೆ ಮೇಲೆ 2 ಗ್ಯಾಲನ್ ಬಿಟ್ಟಿ ಎಂದು ಒಪ್ಪಿಕೊಂಡರು. ಇದು ಕೊಸರಲ್ಲದೆ ಇನ್ನೇನು? ಆ ಕೊಸರು ಸೇರಿಯೇ 42 ಆದದ್ದು. ಈಗ ಎಣ್ಣೆ ಹರಿಯುವುದು ಪೈಪಿನಲ್ಲಿ, ಹಡಗಿನಲ್ಲಿ. ಪೀಪಾಯಿ ಮಾಯವಾಗಿದೆ, ಕೊಸರು ಸಮೇತ ಅದರ ಹೆಸರು ಮಾತ್ರ ಉಳಿದಿದೆ.

ಟಿವಿಯ ಬ್ಯಾರಲ್ಲನ್ನು ನಂಬಿ ಯಾರಾದರೂ 159 ಲೀಟರ್ ನೀರಿಗೆ ಎರಡೆರಡು ಕಿಲೋ ಹಾಕಿದರೆ ದ್ರಾವಣ ಶೇಕಡಾ 1.25 ದಾಟುತ್ತದೆ. ತೋಟದವರು ಹಾಗೆ ಮಾಡುವುದಿಲ್ಲ, ಬಿಡಿ. ಅವರಿಗೆ ತಮ್ಮ ಡ್ರಮ್ಮು ಗೊತ್ತು.

ಟನ್ ಎಂಬ ಪದ ಇನ್ನೂ ಸೊಗಸು. ಮರಕ್ಕೆ, ಶುಂಠಿಗೆ, ಗೊಬ್ಬರಕ್ಕೆ ನಾವು ತೂಕವೆಂದೇ ಬಳಸುತ್ತೇವೆ. ಆದರೆ ಅದು ಹುಟ್ಟಿದ್ದು ‘ಟನ್’ ಎಂದೇ ಕರೆಯುತ್ತಿದ್ದ ಬೃಹತ್ ವೈನ್ ಪೀಪಾಯಿಯಿಂದ. ಅದರಲ್ಲಿ 252 ಗ್ಯಾಲನ್, ಈಗಿನ ಲೆಕ್ಕದಲ್ಲಿ ಸುಮಾರು 950 ಲೀಟರ್ ಹಿಡಿಸುತ್ತಿತ್ತು. ಹಡಗಿನಲ್ಲಿ ಇಂಥ ಎಷ್ಟು ಪೀಪಾಯಿ ಹಿಡಿಸುತ್ತದೆ ಎಂಬುದೇ ಹಡಗಿನ ಗಾತ್ರ. ತುಂಬಿದ ಪೀಪಾಯಿಯ ಭಾರ ಕೊನೆಗೆ ತೂಕದ ಹೆಸರಾಯಿತು. ಬ್ರಿಟನ್ನಿನ ಹಳೆಯ ಟನ್ 1,016 ಕಿಲೋ, ಅಮೆರಿಕದ್ದು 907, ಮೆಟ್ರಿಕ್ ಟನ್ ಸರಿಯಾಗಿ 1,000.

ಇನ್ನು ನಮ್ಮ ಹೊಟ್ಟೆಪಾಡಿನ ಪದ, ಮೂಟೆ. ಇಂಗ್ಲಿಷಿನಲ್ಲಿ ಬ್ಯಾಗ್. ಕೊಡಗಿನಲ್ಲಿ ಕಾಫಿ ಬೆಲೆ ಎಂದರೆ 50 ಕಿಲೋ ಮೂಟೆಯ ಬೆಲೆ. ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ರೊಬಸ್ಟಾ ಚೆರಿ ಇಷ್ಟು. ಅರೇಬಿಕಾ, ರೊಬಸ್ಟಾ ಕಾಫಿಯ ಎರಡು ಜಾತಿ. ಹಣ್ಣಿನ ಸಿಪ್ಪೆ ತೆಗೆದು ಒಳಪೊರೆಯ ಸಮೇತ ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ್ದು ಚೆರಿ. ಆದರೆ ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಅಂಕಿಅಂಶಗಳಲ್ಲಿ ಬ್ಯಾಗ್ ಎಂದರೆ 60 ಕಿಲೋ. ಸುದ್ದಿಯಲ್ಲಿ ಯಾವುದೋ ದೇಶದ ಬೆಳೆ 1 ಕೋಟಿ ಬ್ಯಾಗ್ ಕಮ್ಮಿಯಾಯಿತು ಎಂದಿದ್ದರೆ ಅದು 6 ಲಕ್ಷ ಟನ್. ನಮ್ಮ ಮೂಟೆ ಎಂದುಕೊಂಡು ಲೆಕ್ಕ ಹಾಕಿದರೆ 5 ಲಕ್ಷ ಎನಿಸುತ್ತದೆ.

ಇಷ್ಟೇ ಅಲ್ಲ. ಆ 60 ಕಿಲೋ ಬ್ಯಾಗಿನ ಲೆಕ್ಕ ಸಿಪ್ಪೆ ತೆಗೆದ, ಇನ್ನೂ ಹುರಿಯದ ಹಸಿರು ಕಾಫಿ ಬೇಳೆಯದು. ನಮ್ಮ ಅಂಗಳದ ಚೆರಿ ಮೂಟೆಯಲ್ಲಿ ಒಣಗಿದ ಸಿಪ್ಪೆಯೂ ಇದೆ. 50 ಕಿಲೋ ರೊಬಸ್ಟಾ ಚೆರಿ ಮಿಲ್ಲಿಗೆ ಹಾಕಿದರೆ ಬೇಳೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಬೆಳೆಗಾರರು ‘ಔಟ್‌ಟರ್ನ್ ಎಷ್ಟು ಬಂತು’ ಎಂದು ಕೇಳಿಕೊಳ್ಳುವುದು ಇದನ್ನೇ. ಪಾರ್ಚ್‌ಮೆಂಟಿನಲ್ಲಿ ಸಿಪ್ಪೆಯ ಪಾಲು ಇದಕ್ಕಿಂತ ತುಂಬಾ ಕಮ್ಮಿ.

ಲಂಡನ್ ಪೇಟೆಯಲ್ಲಿ ರೊಬಸ್ಟಾ ಬೆಲೆಯನ್ನು ಮೆಟ್ರಿಕ್ ಟನ್‌ಗೆ ಡಾಲರಿನಲ್ಲಿ ಹೇಳುತ್ತಾರೆ. ನ್ಯೂಯಾರ್ಕಿನಲ್ಲಿ ಅರೇಬಿಕಾಕ್ಕೆ ಪೌಂಡ್‌ಗೆ ಇಷ್ಟು ಸೆಂಟ್ ಎನ್ನುತ್ತಾರೆ. ಒಂದು ಟನ್ ಎಂದರೆ 20 ಮೂಟೆ ತಾನೇ ಎಂದು ಲಂಡನ್ ಬೆಲೆಯನ್ನು ಇಪ್ಪತ್ತರಿಂದ ಭಾಗಿಸಿ, ‘ವ್ಯಾಪಾರಿ ಅರ್ಧ ನುಂಗಿದ’ ಎಂದು ಬೇಸರ ಮಾಡಿಕೊಂಡವರನ್ನು ನಾನು ಬಲ್ಲೆ. ಒಂದು ಟನ್ ಬೇಳೆಗೆ ಚೆರಿ ಲೆಕ್ಕದಲ್ಲಿ ನಲವತ್ತು ಮೂಟೆಯ ಹತ್ತಿರ ಬೇಕು. ಉಳಿದ ಅರ್ಧ ವ್ಯಾಪಾರಿಯ ಹೊಟ್ಟೆಗಲ್ಲ, ಸಿಪ್ಪೆಯ ಗುಡ್ಡೆಗೆ ಹೋಗಿದೆ. (ವ್ಯಾಪಾರಿಯ ಪಾಲು ಎಷ್ಟು ಎನ್ನುವುದು ಬೇರೆ ಜಗಳ, ಅದಕ್ಕೆ ನಾನು ಬರುವುದಿಲ್ಲ.)

ಮನೆಯಲ್ಲಿ ಪರೀಕ್ಷೆ ಮಾಡುವುದು ಹೇಗೆ

ನಿಮ್ಮ ಕಪ್ಪು ಎಷ್ಟು ಹಿಡಿಸುತ್ತದೆ ಎಂದು ತಿಳಿಯಲು ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಖಾಲಿ ಕಪ್ಪಿಟ್ಟು ಸೊನ್ನೆ ಮಾಡಿ. ಬಾಯಿ ಮಟ್ಟಕ್ಕೆ ನೀರು ತುಂಬಿ. ಒಂದು ಮಿಲಿ ನೀರು ಒಂದು ಗ್ರಾಂ ತೂಗುತ್ತದೆ. 237 ಗ್ರಾಂ ಹತ್ತಿರ ಬಂದರೆ ಅದು ಅಮೆರಿಕದ ಕಪ್ಪು, 250 ಬಂದರೆ ಮೆಟ್ರಿಕ್ ಕಪ್ಪು, 180 ಬಂದರೆ ಕುಕ್ಕರಿನದು. ಬಂದ ಸಂಖ್ಯೆಯನ್ನು ಕಪ್ಪಿನ ತಳದಲ್ಲಿ ಮಾರ್ಕರಿನಿಂದ ಬರೆದಿಡಿ.

ಅತ್ತಿಗೆಯ ಮನೆಯಲ್ಲಿ ನಾವು ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ತೂಗಿದೆವು. ಸ್ಟೀಲ್ ಲೋಟ, ಕುಕ್ಕರ್ ಕಪ್ಪು, ಅತಿಥಿಗಳ ಪಿಂಗಾಣಿ ಕಪ್ಪು, ಯಾವುದೂ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಅಟ್ಟದಲ್ಲಿದ್ದ ಹಿತ್ತಾಳೆ ಪಾವನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿದೆವು. ಅಂಚು ಒಂದು ಕಡೆ ನೆಗ್ಗಿದೆ. ಆದರೂ 244 ಗ್ರಾಂ ತೋರಿಸಿತು. ಅಮೆರಿಕದ ಕಪ್ಪಿಗಿಂತ ಏಳು ಗ್ರಾಂ ಜಾಸ್ತಿ, ಅಷ್ಟೇ.

ಈಗ ಅತ್ತಿಗೆ ಕೇಕಿಗೆ ಮೈದಾ ಅಳೆಯುವುದು ಅದರಲ್ಲೇ. ಕುಕ್ಕರಿನ ಕಪ್ಪು ಕೋಳಿಗೆ ಅಕ್ಕಿ ನುಚ್ಚು ಹಾಕಲು ಹಿತ್ತಿಲಿಗೆ ಹೋಗಿದೆ.